ತರಗತಿಯ ಚರ್ಚೆ ಮೊಬೈಲಿಗೆ ಬಂದಾಗ: ಕನ್ನಡ ಮಾಧ್ಯಮದ ಹೆತ್ತವರು ಅರಿತಿರಬೇಕಾದ ಸಂಗತಿಗಳು

ರಕ್ಷಕ ಶಿಕ್ಷಕ ಸಂಘದ ಸಭೆಯೊಂದರಲ್ಲಿ ಏಳನೆಯ ತರಗತಿಯ ಹುಡುಗನ ತಾಯಿಯೊಬ್ಬರು ಎದ್ದುನಿಂತು ಕೇಳಿದರು: "ಟೀಚರೇ, ಮಕ್ಕಳು ಶಾಲೆಗೆ ಮೊಬೈಲ್ ತರಬಾರದು ಎಂದು ನೀವೇ ಹೇಳುತ್ತೀರಿ. ಸಂಜೆಯಾದರೆ ಗ್ರೂಪಿನಲ್ಲಿ ಪ್ರಶ್ನೆ ಹಾಕಿ, ಮಕ್ಕಳಿಂದ ಉತ್ತರ ಬರೆಯಿಸಿ ಎಂದೂ ನೀವೇ ಹೇಳುತ್ತೀರಿ. ನಾವು ಯಾವ ಮಾತನ್ನು ಕೇಳಬೇಕು?"

ಸಭೆಯಲ್ಲಿ ನಗು ಎದ್ದಿತು. ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ತರಗತಿಗೊಂದು ವಾಟ್ಸ್ಆ್ಯಪ್ ಗ್ರೂಪು ಈಗ ಹಾಜರಿ ಪುಸ್ತಕದಷ್ಟೇ ಸಾಮಾನ್ಯವಾಗಿದೆ. ಪಾಠದ ಕುರಿತು ಮಕ್ಕಳು ನಡೆಸುವ ಚರ್ಚೆಯ ಒಂದು ಭಾಗವೂ ಅಲ್ಲಿಗೆ ಸರಿದಿದೆ. ಇದರಿಂದ ಮಕ್ಕಳಿಗೆ ಆಗುವ ಲಾಭವೇನು, ಅಪಾಯವೇನು, ಕಾನೂನು ಏನನ್ನುತ್ತದೆ, ಕನ್ನಡಕ್ಕೆ ಇದರಿಂದ ಒಳಿತೋ ಕೆಡುಕೋ ಎಂಬುದನ್ನು ಹೆತ್ತವರು ತಿಳಿದು ಒಪ್ಪುವುದೂ ತಿಳಿದು ವಿರೋಧಿಸುವುದೂ ಅಗತ್ಯ. ಆ ತಾಯಿಗೆ ಅಂದು ಅರ್ಧ ಉತ್ತರವನ್ನಷ್ಟೇ ಕೊಟ್ಟಿದ್ದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗ್ರೂಪುಗಳು ಬಂದ ಬಗೆ

ಕೊರೋನ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಕೇರಳದಲ್ಲಿ 2020ರ ಜೂನ್ 1ರಂದು ಕೈಟ್ ವಿಕ್ಟರ್ಸ್ ವಾಹಿನಿಯ ಮೂಲಕ 'ಫಸ್ಟ್ ಬೆಲ್' ಪಾಠಗಳು ಆರಂಭವಾದವು. ಮಲಯಾಳದ ಜೊತೆಗೆ ಕನ್ನಡ ಮತ್ತು ತಮಿಳು ಮಾಧ್ಯಮದ ಮಕ್ಕಳಿಗೂ ಪಾಠಗಳನ್ನು ಸಿದ್ಧಪಡಿಸಲಾಯಿತು. ಆದರೆ ಟಿ.ವಿ. ಪಾಠ ಹೇಳಬಲ್ಲುದೇ ಹೊರತು ಮಗುವಿನ ಸಂಶಯವನ್ನು ಕೇಳಿಸಿಕೊಳ್ಳಲಾರದು. ಆ ಕೊರತೆಯನ್ನು ತುಂಬಲು ಅಧ್ಯಾಪಕರು ಹೆತ್ತವರ ದೂರವಾಣಿ ಸಂಖ್ಯೆಗಳನ್ನು ಸೇರಿಸಿ ಗ್ರೂಪು ಕಟ್ಟಿದರು. ಶಾಲೆ ತೆರೆದ ಮೇಲೂ ಗ್ರೂಪುಗಳು ಉಳಿದುಕೊಂಡವು.

ಹೀಗೆ ಉಳಿದ ಗ್ರೂಪಿನಲ್ಲಿ ಇಂದು ಮೂರು ಬೇರೆ ಬೇರೆ ಕೆಲಸಗಳು ಬೆರೆತುಹೋಗಿವೆ. ಒಂದು, ಸೂಚನೆ: ನಾಳೆ ರಜೆ, ನಾಡಿದ್ದು ಸಭೆ. ಎರಡು, ಟಿಪ್ಪಣಿ: ಪಾಠದ ಪ್ರಶ್ನೋತ್ತರಗಳ ಚಿತ್ರ, ಪಿ.ಡಿ.ಎಫ್. ಕಡತ. ಮೂರು, ಚರ್ಚೆ: ಒಂದು ಪ್ರಶ್ನೆಗೆ ಮಕ್ಕಳು ತಮ್ಮ ಮಾತಿನಲ್ಲಿ ಬರೆಯುವ ಅಭಿಪ್ರಾಯ. ಈ ಮೂರನ್ನೂ ಒಂದೇ ಎಂದು ಭಾವಿಸಿರುವುದೇ ಗೊಂದಲದ ಮೂಲ.

ಸೂಚನೆಗೆ ಯಾರ ತಕರಾರೂ ಇಲ್ಲ. ಟಿಪ್ಪಣಿಯ ಬಗ್ಗೆ ತಕರಾರು ಇದೆ ಮತ್ತು ಅದು ನ್ಯಾಯವಾದುದು. ತರಗತಿಯಲ್ಲಿ ಬರೆದು ಕಲಿಯಬೇಕಾದುದನ್ನು ಮೊಬೈಲಿಗೆ ಕಳುಹಿಸಿ ಕೈತೊಳೆದುಕೊಳ್ಳುವ ಅಭ್ಯಾಸದ ವಿರುದ್ಧ ಹೆತ್ತವರ ದೂರು ಮಕ್ಕಳ ಹಕ್ಕುಗಳ ಆಯೋಗದವರೆಗೆ ಹೋಯಿತು. 2024ರ ಕೊನೆಯಲ್ಲಿ ಕೇರಳದ ಶಿಕ್ಷಣ ಇಲಾಖೆಯು ಹೈಯರ್ ಸೆಕೆಂಡರಿ ತರಗತಿಗಳ ಪಾಠದ ಟಿಪ್ಪಣಿಗಳನ್ನು ವಾಟ್ಸ್ಆ್ಯಪಿನಂಥ ಮಾಧ್ಯಮಗಳ ಮೂಲಕ ಕೊಡಕೂಡದೆಂದು ತಾಕೀತು ಮಾಡಿತು. ನಮ್ಮ ವಿಷಯ ಮೂರನೆಯದು, ಚರ್ಚೆ. ಅದು ಟಿಪ್ಪಣಿಗಿಂತ ತೀರ ಬೇರೆ. ಟಿಪ್ಪಣಿಯಲ್ಲಿ ಮಗು ಇಳಿಸಿಕೊಳ್ಳುತ್ತದೆ, ಚರ್ಚೆಯಲ್ಲಿ ಮಗು ತಾನೇ ಬರೆಯುತ್ತದೆ.

ಬರೆದು ಚರ್ಚಿಸುವುದರಿಂದ ಆಗುವ ಪ್ರಯೋಜನ

ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಕಂಡು ಒಂದು ಸಂಗತಿಯನ್ನು ಗುರುತಿಸಿದರು. ಪ್ರಶ್ನೆ ಕೇಳಿದ ಅಧ್ಯಾಪಕರು ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡು ಮಾತ್ರ. ಅಷ್ಟರಲ್ಲಿ ಕೈ ಎತ್ತದ ಮಗು ದಡ್ಡನೆನಿಸುತ್ತದೆ. ಆ ಕಾಯುವಿಕೆಯನ್ನು ಮೂರು ಸೆಕೆಂಡು ಅಥವಾ ಅದಕ್ಕೂ ಹೆಚ್ಚಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುವವರ ಸಂಖ್ಯೆ ಇಳಿಯಿತು, ಹಿಂದುಳಿದವರೆಂದು ಭಾವಿಸಲಾಗಿದ್ದ ಮಕ್ಕಳೂ ಮಾತನಾಡತೊಡಗಿದರು.

ನಮ್ಮ ಮಕ್ಕಳ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಮಾಧ್ಯಮದ ತರಗತಿಯಲ್ಲಿ ಕುಳಿತಿರುವ ಮಗುವಿನ ಮನೆಮಾತು ತುಳುವಾಗಿರಬಹುದು, ಕೊಂಕಣಿಯಾಗಿರಬಹುದು, ಮರಾಠಿಯಾಗಿರಬಹುದು, ಬ್ಯಾರಿ ಭಾಷೆಯಾಗಿರಬಹುದು, ಮಲಯಾಳವಾಗಿರಬಹುದು. ಮನೆಯಲ್ಲಿ ಕನ್ನಡವೇ ಆಗಿದ್ದರೂ ಅದು ಹವ್ಯಕ ಕನ್ನಡವಾಗಿದ್ದರೆ ಪಠ್ಯಪುಸ್ತಕದ ಕನ್ನಡ ಬೇರೆಯೇ. ಜತ್ತ, ಅಕ್ಕಲಕೋಟೆಯ ಮಗುವಿಗೆ ಊರಿನ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ನಡುವೆ ಇಂಥದೇ ಅಂತರ. ಉತ್ತರ ಗೊತ್ತಿದ್ದರೂ ಅದನ್ನು ಶಾಲೆಯ ಕನ್ನಡಕ್ಕೆ ತಂದುಕೊಳ್ಳಲು ಒಂದು ಸೆಕೆಂಡು ಸಾಲದು. ಬರವಣಿಗೆಯ ಚರ್ಚೆ ಆ ಮಗುವಿಗೆ ಸಮಯವನ್ನು ಕೊಡುತ್ತದೆ. ಬರೆದು, ಅಳಿಸಿ, ಮತ್ತೆ ಬರೆದು ತನ್ನ ಮಾತನ್ನು ಮುಂದಿಡಬಹುದು.

ತರಗತಿಯ ಒಳಗೇ ಸಾಮಾಜಿಕ ಮಾಧ್ಯಮದಲ್ಲಿ ಚರ್ಚೆ ನಡೆಸಿದ ಪ್ರಯೋಗಗಳೂ ಇವೆ. 2009ರಲ್ಲಿ ಅಮೆರಿಕದ ಡಲ್ಲಾಸಿನ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಇತಿಹಾಸ ಪ್ರಾಧ್ಯಾಪಕಿ ಮೋನಿಕಾ ರ್‍ಯಾಂಕಿನ್ ಸುಮಾರು 90 ವಿದ್ಯಾರ್ಥಿಗಳ ತರಗತಿಯಲ್ಲಿ ಟ್ವಿಟರನ್ನು ಬಳಸಿದರು. ಅಷ್ಟು ದೊಡ್ಡ ತರಗತಿಯಲ್ಲಿ ಎಲ್ಲರಿಗೂ ಮಾತನಾಡುವ ಅವಕಾಶ ಸಿಗುವುದಿಲ್ಲವೆಂಬುದೇ ಅದಕ್ಕೆ ಕಾರಣ. ವಿದ್ಯಾರ್ಥಿಗಳು ಬರೆದದ್ದು ಪರದೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು, ಮಾತಿನ ಚರ್ಚೆ ಅದರಿಂದ ಬೆಳೆಯುತ್ತಿತ್ತು. ಆಗ ಟ್ವಿಟರಿನಲ್ಲಿ 140 ಅಕ್ಷರಗಳ ಮಿತಿಯಿತ್ತು. ಚುಟುಕಾಗಿ ಬರೆಯಲು ಅದು ಕಲಿಸಿತು, ಆಳಕ್ಕೆ ಇಳಿಯಲು ಬಿಡಲಿಲ್ಲ ಎಂಬ ಎರಡು ಮುಖವೂ ಆ ಪ್ರಯೋಗದಲ್ಲಿ ಕಂಡಿತು. ಆದರೆ ಅವರು ವಯಸ್ಕರು, ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು. ನಮ್ಮವರು ಹತ್ತು ಹನ್ನೆರಡು ವರ್ಷದ ಮಕ್ಕಳು. ಅಲ್ಲಿಯದನ್ನು ಇಲ್ಲಿಗೆ ಹಾಗೆಯೇ ತರುವಂತಿಲ್ಲ.

ಕಾನೂನು ಹೇಳುವುದೇನು

ಶಾಲೆಗೆ ವಿದ್ಯಾರ್ಥಿಗಳು ಮೊಬೈಲ್ ತರುವುದನ್ನು ಕೇರಳದ ಶಾಲೆಗಳು ಒಪ್ಪುವುದಿಲ್ಲ. ಯುನೆಸ್ಕೋ ಕೂಡ 2023ರ ತನ್ನ ಜಾಗತಿಕ ಶಿಕ್ಷಣ ವರದಿಯಲ್ಲಿ, ಕಲಿಕೆಗೆ ನೆರವಾಗುವುದು ಖಚಿತವಾದಾಗ ಮಾತ್ರ ತಂತ್ರಜ್ಞಾನ ತರಗತಿಯೊಳಗೆ ಬರಲಿ ಎಂಬ ನಿಲುವನ್ನು ತಳೆದಿದೆ. ಇದು ಮೊದಲ ಮಾತು.

ಎರಡನೆಯದು ವಯಸ್ಸು. ವಾಟ್ಸ್ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಖಾತೆಗೆ ಆಯಾ ಸಂಸ್ಥೆಗಳೇ ಇಟ್ಟಿರುವ ಕನಿಷ್ಠ ವಯಸ್ಸು 13. ಅಂದರೆ ಯು.ಪಿ. ಶಾಲೆಯ ಬಹುತೇಕ ಮಕ್ಕಳು ಸ್ವಂತ ಖಾತೆ ಹೊಂದುವಂತಿಲ್ಲ. ಮೂರನೆಯದು ನಮ್ಮ ದೇಶದ ಕಾನೂನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದ ಎಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಅವರ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕು, ಮಕ್ಕಳ ಬೆನ್ನುಹತ್ತಿ ಜಾಹೀರಾತು ತೋರಿಸಕೂಡದು ಎನ್ನುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೆ ಬರಲಿವೆ. ಶಿಕ್ಷಣಸಂಸ್ಥೆಗಳಿಗೆ ಅದರಲ್ಲಿ ಕೆಲವು ವಿನಾಯಿತಿಗಳಿವೆ. ಆದರೂ ಒಪ್ಪಿಗೆ ಕೇಳಿ ಮುಂದುವರಿಯುವುದು ಅಧ್ಯಾಪಕರಿಗೆ ಶೋಭೆ.

ಇವುಗಳಿಂದ ಹೊರಡುವ ತೀರ್ಮಾನ ಸರಳ. ತರಗತಿಯ ಗ್ರೂಪಿನಲ್ಲಿ ಇರುವುದು ಮಗುವಲ್ಲ, ಹೆತ್ತವರು. ಮಗು ಬರೆಯುವುದು ಅವರ ಫೋನಿನಲ್ಲಿ, ಅವರ ಎದುರಿನಲ್ಲಿ. 'ಪಾಠಕ್ಕಾಗಿ ಬೇಕು' ಎಂದು ಮಗುವಿಗೆ ಹೊಸ ಫೋನು, ಹೊಸ ಖಾತೆ ತೆರೆದುಕೊಡಬೇಕಾದ ಅಗತ್ಯ ಯಾರಿಗೂ ಇಲ್ಲ. ಯಾವ ಅಧ್ಯಾಪಕರೂ ಹಾಗೆ ಒತ್ತಾಯಿಸುವಂತಿಲ್ಲ.

ಮೊಬೈಲಿಲ್ಲದ ತರಗತಿಯಲ್ಲಿ ಚರ್ಚೆ ನಡೆಯುವ ರೀತಿ

ಹಾಗಾದರೆ ತರಗತಿಯ ಒಳಗೆ ಇದು ಸಾಧ್ಯವೇ? ಸಾಧ್ಯ, ಒಂದೇ ಸಾಧನದಿಂದ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ 8ರಿಂದ 12ರ ತನಕದ ಸುಮಾರು 45,000 ತರಗತಿಗಳಿಗೆ ಹೈಟೆಕ್ ಯೋಜನೆಯಲ್ಲಿ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್ ಬಂದಿವೆ. ನಮ್ಮಲ್ಲಿ ನಡೆಯುತ್ತಿರುವ ಕ್ರಮ ಹೀಗಿದೆ.

ಹಿಂದಿನ ದಿನವೇ ಪ್ರಶ್ನೆಯನ್ನು ಕರಿಹಲಗೆಯಲ್ಲಿ ಬರೆಯುತ್ತೇವೆ. 'ಹೌದು', 'ಅಲ್ಲ' ಎಂದು ಮುಗಿಯದ, ಪುಸ್ತಕದಿಂದ ಇಳಿಸಲಾಗದ ಪ್ರಶ್ನೆ ಅದಾಗಿರಬೇಕು. ಮರುದಿನ ಪ್ರತಿ ಮಗುವೂ ಒಂದು ಚೀಟಿಯಲ್ಲಿ ಮೂರು ನಾಲ್ಕು ವಾಕ್ಯ ಬರೆಯುತ್ತದೆ. ಹೆಸರು ಬರೆಯಬೇಕೆಂದಿಲ್ಲ. ಚೀಟಿಗಳಿಂದ ಒಂದಕ್ಕೊಂದು ಒಪ್ಪದ ನಾಲ್ಕೈದನ್ನು ಆರಿಸಿ ಅಧ್ಯಾಪಕರು ಲ್ಯಾಪ್‌ಟಾಪಿನಲ್ಲಿ ಬರೆದಾಗ ಅದು ಪರದೆಯ ಮೇಲೆ ಮೂಡುತ್ತದೆ. ಅದನ್ನು ನೋಡಿ ಮಕ್ಕಳು ಬಾಯಿಮಾತಿನಲ್ಲಿ ವಾದಿಸುತ್ತಾರೆ. ಕೊನೆಗೆ ಒಪ್ಪಿದ್ದೇನು, ಒಪ್ಪದೆ ಉಳಿದದ್ದೇನು ಎಂಬುದನ್ನು ಒಂದು ಗುಂಪು ನೋಟುಪುಸ್ತಕದಲ್ಲಿ ದಾಖಲಿಸುತ್ತದೆ. ಆ ದಾಖಲೆಯ ಚಿತ್ರ ಮಾತ್ರ ಸಂಜೆ ಗ್ರೂಪಿಗೆ ಹೋಗುತ್ತದೆ. ಮನೆಯವರು ಅದನ್ನು ಓದಿ ಮಗುವಿನೊಡನೆ ಮಾತನಾಡಬಹುದು. ಇಷ್ಟವಿದ್ದರೆ ಒಂದು ಮಾತನ್ನು ಸೇರಿಸಬಹುದು.

ಇಲ್ಲಿ ಮೊಬೈಲಿನ ಪಾತ್ರ ತೀರ ಚಿಕ್ಕದು. ಅದು ಇರಬೇಕಾದದ್ದೂ ಹಾಗೆಯೇ. ಬರೆಯುವುದು ಚೀಟಿಯಲ್ಲಿ, ಕಾಣುವುದು ಪರದೆಯಲ್ಲಿ, ವಾದಿಸುವುದು ಬಾಯಿಯಲ್ಲಿ. ಮೊಬೈಲು ತರಗತಿಯ ಮಾತನ್ನು ಮನೆಯ ಜಗಲಿಗೆ ತಲುಪಿಸುವ ಅಂಚೆಯಣ್ಣ ಮಾತ್ರ.

ಇನ್ನೊಂದು ಮಾತು. ಒಂದೇ ಫೋನಿರುವ ಮನೆಗಳು ನಮ್ಮಲ್ಲಿ ಹಲವು. ಆ ಫೋನು ತಂದೆಯ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತದೆ. ಗುಡ್ಡದ ಬುಡದ ಮನೆಗಳಿಗೆ ರೇಂಜ್ ಸಿಗುವುದಿಲ್ಲ. ಆದುದರಿಂದ ಗ್ರೂಪಿನಲ್ಲಿ ಬರೆದದ್ದಕ್ಕೆ ಅಂಕ ಕೊಡುವುದು, ಬರೆಯದವರ ಹೆಸರನ್ನು ಪಟ್ಟಿ ಮಾಡುವುದು ಅನ್ಯಾಯ. ಚೀಟಿ ಎಲ್ಲರ ಕೈಗೂ ಎಟಕುತ್ತದೆ.

ಹಲ್ಲಿಯೂ ಹಳ್ಳಿಯೂ ಒಂದಾಗಬಾರದು

ಕನ್ನಡ ಮಾಧ್ಯಮದವರಾದ ನಾವು ವಿಶೇಷವಾಗಿ ಗಮನಿಸಬೇಕಾದದ್ದು ಲಿಪಿಯನ್ನು. ಮೊಬೈಲಿನಲ್ಲಿ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ರೂಢಿ ಹಿರಿಯರಿಂದಲೇ ಮಕ್ಕಳಿಗೆ ಹಬ್ಬಿದೆ. ರೋಮನ್ ಅಕ್ಷರದಲ್ಲಿ ಬರೆದಾಗ ಹಲ್ಲಿಯೂ ಹಳ್ಳಿಯೂ ಒಂದೇ, ಬಲೆಯೂ ಬಳೆಯೂ ಒಂದೇ, ಮನವೂ ಮಣವೂ ಒಂದೇ. ಲಕಾರ ಳಕಾರಗಳ, ನಕಾರ ಣಕಾರಗಳ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಕಿವಿಯಲ್ಲಿ ಇನ್ನೂ ಗಟ್ಟಿಯಾಗದ ಮಗುವಿಗೆ ಇದು ಕಲಿತದ್ದನ್ನು ಮರೆಸುವ ಅಭ್ಯಾಸ. ಹೊರಗಿನ ಫಲಕ, ಬಸ್ಸಿನ ಹೆಸರು, ಕಚೇರಿಯ ಅರ್ಜಿ ಯಾವುದರಲ್ಲಿಯೂ ಕನ್ನಡ ಹೆಚ್ಚಾಗಿ ಕಾಣದ ನೆಲದಲ್ಲಿ ಮಗು ಕನ್ನಡ ಅಕ್ಷರ ಕಾಣುವ ಕೆಲವೇ ತಾಣಗಳಲ್ಲಿ ತರಗತಿಯ ಗ್ರೂಪು ಒಂದು. ಅಲ್ಲಿಯೂ ಅಕ್ಷರ ಕಣ್ಮರೆಯಾಗಬಾರದು.

ಪರಿಹಾರ ಕಷ್ಟದ್ದಲ್ಲ. ಇಂದಿನ ಎಲ್ಲ ಸ್ಮಾರ್ಟ್‌ಫೋನುಗಳಲ್ಲಿಯೂ ಯೂನಿಕೋಡ್ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಳ್ಳಬಹುದು. ಮಾತನಾಡಿದ್ದನ್ನು ಕನ್ನಡ ಅಕ್ಷರಕ್ಕೆ ಇಳಿಸುವ ಸೌಲಭ್ಯವೂ ಇದೆ. ಆದರೆ ಮಕ್ಕಳಿಗೆ ಅದನ್ನು ರೂಢಿ ಮಾಡಿಸಬೇಡಿ, ಅಕ್ಷರ ಹುಡುಕುವ ಶ್ರಮವೇ ಅವರಿಗೆ ಪಾಠ. ಎಲ್ಲಕ್ಕಿಂತ ಉತ್ತಮವಾದದ್ದು, ನೋಟುಪುಸ್ತಕದಲ್ಲಿ ಕೈಯಾರೆ ಬರೆದು ಅದರ ಚಿತ್ರ ಕಳುಹಿಸುವುದು.

ಬರವಣಿಗೆಯ ಚರ್ಚೆಗೆ ಇನ್ನೊಂದು ಉಪಯೋಗವೂ ಇದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ಹುದ್ದೆಗೆ ನೇಮಿಸಿದ್ದರ ವಿರುದ್ಧ ಕಾಸರಗೋಡಿನಲ್ಲಿ ಹೆತ್ತವರು ಮತ್ತೆ ಮತ್ತೆ ಬೀದಿಗಿಳಿಯಬೇಕಾಗಿ ಬಂದಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳ ಪರವಾಗಿ ಹೇಳುತ್ತದೆ. ಗಣಿತ, ವಿಜ್ಞಾನ, ಸಮಾಜಶಾಸ್ತ್ರಗಳ ಚರ್ಚೆ ಗ್ರೂಪಿನಲ್ಲಿ ಕನ್ನಡದಲ್ಲಿ ನಡೆಯುತ್ತಿದೆಯೇ, ಅಧ್ಯಾಪಕರ ಪ್ರಶ್ನೆ ಕನ್ನಡದಲ್ಲಿದೆಯೇ, ಸೂಚನೆಗಳು ಮಲಯಾಳದಲ್ಲಿ ಮಾತ್ರ ಬರುತ್ತಿವೆಯೇ ಎಂಬುದು ಹೆತ್ತವರ ಕಣ್ಣಿಗೆ ಈಗ ನೇರವಾಗಿ ಕಾಣುತ್ತದೆ. ತೊಂದರೆ ಕಂಡರೆ ಅಧ್ಯಾಪಕರ ಬರಹವನ್ನು ಮುಂದಿಟ್ಟು ಪ್ರಶ್ನಿಸಬಹುದು. ಮಕ್ಕಳ ಬರಹವನ್ನು ಎಂದಿಗೂ ಸಾಕ್ಷಿಯಾಗಿ ಹೊರಗೆ ತರಬಾರದು. ಯಾಕೆಂದು ಹೇಳುತ್ತೇನೆ.

ಒಂದು ಸ್ಕ್ರೀನ್‌ಶಾಟ್ ಕಲಿಸಿದ ಪಾಠ

ಕೆಲವು ವರ್ಷಗಳ ಹಿಂದೆ ತರಗತಿಯ ಗ್ರೂಪಿನಲ್ಲಿ ಮಳೆಗಾಲದ ಬಗ್ಗೆ ಒಂದು ಪ್ರಶ್ನೆ ಹಾಕಿದ್ದೆ. ಮನೆಯಲ್ಲಿ ತುಳು ಮಾತನಾಡುವ ಹುಡುಗಿಯೊಬ್ಬಳು ಎಂಟು ವಾಕ್ಯ ಬರೆದಳು. ತರಗತಿಯಲ್ಲಿ ಬಾಯಿ ತೆರೆಯದ ಮಗು ಅದು. ತೋಡಿನ ನೀರು ಅಂಗಳಕ್ಕೆ ಬಂದ ರಾತ್ರಿಯನ್ನು ಆಕೆ ಬರೆದ ಬಗೆ ಬೇರೆ ಯಾರಿಗೂ ಬಂದಿರಲಿಲ್ಲ. ಆದರೆ ಉದ್ದಕ್ಕೂ 'ಮಳೆ'ಯನ್ನು 'ಮಲೆ' ಎಂದೇ ಬರೆದಿದ್ದಳು. ತುಳುವಿನ ಆಡುಮಾತಿನಲ್ಲಿ ಹಲವೆಡೆ ಳಕಾರ ಲಕಾರವಾಗುವುದುಂಟು. ಆಕೆ ತನ್ನ ಕಿವಿಯನ್ನು ನಂಬಿ ಬರೆದಿದ್ದಳು, ಅಷ್ಟೇ.

ಆ ಬರಹದ ಸ್ಕ್ರೀನ್‌ಶಾಟ್ ಬೇರೊಂದು ಗ್ರೂಪಿಗೆ ಹೋಯಿತು. 'ಕನ್ನಡ ಮಾಧ್ಯಮದ ಗತಿ ನೋಡಿ' ಎಂಬ ಒಕ್ಕಣೆ ಅದರ ಕೆಳಗಿತ್ತು. ಎರಡು ದಿನಗಳಲ್ಲಿ ಅದು ಆ ಮನೆಗೇ ಮರಳಿ ಬಂತು. ಕಳುಹಿಸಿದವರಿಗೆ ಕೆಟ್ಟ ಉದ್ದೇಶ ಇತ್ತೆಂದು ನಾನು ಹೇಳುವುದಿಲ್ಲ. ಕನ್ನಡದ ಮೇಲಿನ ಕಾಳಜಿಯಿಂದಲೇ ಮಾಡಿರಬಹುದು. ಆದರೆ ಆ ಹುಡುಗಿ ವರ್ಷವಿಡೀ ಮತ್ತೆ ಬರೆಯಲಿಲ್ಲ. ತಪ್ಪು ಮೊದಲನೆಯದಾಗಿ ನನ್ನದು. ಮಗುವಿನ ಕರಡನ್ನು ಅರುವತ್ತು ಮನೆಗಳ ಮುಂದೆ ಇಡುವ ಏರ್ಪಾಡನ್ನು ನಾನೇ ಮಾಡಿದ್ದೆ, ಅದಕ್ಕೊಂದು ನಿಯಮವನ್ನು ಮಾಡಿರಲಿಲ್ಲ. ಹೆಸರಿಲ್ಲದ ಚೀಟಿಯ ಕ್ರಮ ಹುಟ್ಟಿದ್ದು ಆ ಮೇಲೆ.

ಬಾಯಿಯಲ್ಲಿ ಆಡಿದ ತಪ್ಪು ಗಾಳಿಗೆ ಹೋಗುತ್ತದೆ, ಸ್ಲೇಟಿನಲ್ಲಿ ಬರೆದ ತಪ್ಪು ಒರೆಸಿದರೆ ಹೋಗುತ್ತದೆ. ಮೊಬೈಲಿನಲ್ಲಿ ಬರೆದ ತಪ್ಪು ಉಳಿಯುತ್ತದೆ, ಊರು ಸುತ್ತುತ್ತದೆ. ಕಲಿಯುವ ಮಗುವಿಗೆ ತಪ್ಪು ಮಾಡುವ ಹಕ್ಕಿದೆ. ಅದನ್ನು ಕಾಯುವುದು ದೊಡ್ಡವರ ಕೆಲಸ.

ಗಡಿಗಳನ್ನು ದಾಟುವ ಒಂದು ಪ್ರಶ್ನೆ

ಇಷ್ಟು ಎಚ್ಚರಿಕೆ ಹೇಳಿದ ಮೇಲೂ ನಾನು ಈ ಚರ್ಚೆಯನ್ನು ಬಿಡದಿರುವುದಕ್ಕೆ ಕಾರಣವಿದೆ. ನಮ್ಮ ಶಾಲೆಗಳ ಕನ್ನಡ ತರಗತಿಗಳು ಸಣ್ಣವಾಗುತ್ತಿವೆ. ಎಂಟು, ಹತ್ತು ಮಕ್ಕಳಿರುವ ತರಗತಿಯಲ್ಲಿ ಚರ್ಚೆ ಬೇಗ ಮುಗಿದುಹೋಗುತ್ತದೆ. ತಾವು ಒಂಟಿ ಎಂಬ ಭಾವನೆ ಮಕ್ಕಳಲ್ಲಿ ಬೆಳೆಯುತ್ತದೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯಲ್ಲಿ, ಸಾಂಗಲಿ ಜಿಲ್ಲೆಯ ಜತ್ತದಲ್ಲಿ, ಈರೋಡು ಜಿಲ್ಲೆಯ ತಾಳವಾಡಿಯಲ್ಲಿ ತಮ್ಮಂತೆಯೇ ಬೇರೆ ರಾಜ್ಯಭಾಷೆಯ ನಡುವೆ ಕನ್ನಡ ಓದುವ ಮಕ್ಕಳಿದ್ದಾರೆಂದು ಕಾಸರಗೋಡಿನ ಮಗುವಿಗೆ ಯಾರೂ ಹೇಳಿಲ್ಲ.

ಪಠ್ಯಪುಸ್ತಕಗಳು ಬೇರೆ ಬೇರೆ ಎಂಬುದು ನಿಜ. ಕೇರಳದ ಕನ್ನಡ ಪುಸ್ತಕಗಳನ್ನು ಅಲ್ಲಿಯ ಎಸ್.ಸಿ.ಇ.ಆರ್.ಟಿ. ರೂಪಿಸುತ್ತದೆ, ಮಹಾರಾಷ್ಟ್ರದ ಕನ್ನಡ ಪುಸ್ತಕಗಳನ್ನು ಬಾಲಭಾರತಿ ಪ್ರಕಟಿಸುತ್ತದೆ. ಆದರೆ ಪಾಠ ಬೇರೆಯಾದರೂ ಪ್ರಶ್ನೆ ಒಂದಾಗಬಹುದು. 'ನಿಮ್ಮೂರಿಗೆ ನೀರು ಎಲ್ಲಿಂದ ಬರುತ್ತದೆ?' ಎಂದು ಕೇಳಿ ನೋಡಿ. ಕಾಸರಗೋಡಿನ ಮಗು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಬಗ್ಗೆ, ಹೊಳೆಗೆ ಹಾಕುವ ಕಟ್ಟದ ಬಗ್ಗೆ ಬರೆದೀತು. ಬರದ ನಾಡಾದ ಜತ್ತದ ಮಗು ಟ್ಯಾಂಕರಿನ ಬಗ್ಗೆ, ಕೃಷ್ಣೆಯ ನೀರನ್ನು ಮೇಲೆತ್ತಿ ತರುವ ಮ್ಹೈಸಾಳ ಯೋಜನೆಯ ಬಗ್ಗೆ ಬರೆದೀತು. ಒಬ್ಬರ ಉತ್ತರ ಇನ್ನೊಬ್ಬರಿಗೆ ಪಾಠವಾಗುತ್ತದೆ. 'ತೋಡು' ಎಂದರೇನು, 'ಹಳ್ಳ' ಎಂದರೇನು ಎಂದು ಕೇಳುವಾಗ ಕನ್ನಡದ ಅಗಲ ಮಗುವಿಗೆ ಕಾಣುತ್ತದೆ. ಇದಕ್ಕೆ ಮಕ್ಕಳ ಕೈಗೆ ಮೊಬೈಲು ಬೇಡ. ಎರಡು ಶಾಲೆಗಳ ಇಬ್ಬರು ಅಧ್ಯಾಪಕರ ನಡುವೆ ಚೀಟಿಗಳ ಚಿತ್ರ ಹೋಗಿಬಂದರೆ ಸಾಕು.

ಮುಂದಿನ ಸಭೆಯಲ್ಲಿ ಕೇಳಬೇಕಾದದ್ದು

ನಿಮ್ಮ ಮಕ್ಕಳ ಶಾಲೆಯಲ್ಲಿ ಇಂಥ ಗ್ರೂಪು ಇದ್ದರೆ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿರಿ.

1. ಸೂಚನೆಯ ಗ್ರೂಪು ಮತ್ತು ಚರ್ಚೆಯ ಗ್ರೂಪು ಬೇರೆ ಬೇರೆಯಾಗಿವೆಯೇ? ಸೂಚನೆಯ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಹೊಂದಿಸಬಹುದು.

2. ಚರ್ಚೆಗೆ ಹೊತ್ತುಗೊತ್ತು ಇದೆಯೇ? ರಾತ್ರಿ ಎಂಟರ ಮೇಲೆ ಯಾವ ಮಗುವೂ ಉತ್ತರಿಸಬೇಕಾಗಿಲ್ಲ ಎಂದು ನಿಶ್ಚಯಿಸಿರಿ.

3. ಮಕ್ಕಳ ಹೆಸರು, ಮುಖದ ಚಿತ್ರ, ಅಂಕಪಟ್ಟಿ ಗ್ರೂಪಿಗೆ ಬರುತ್ತಿವೆಯೇ? ಬರಕೂಡದು.

4. ಅಡ್ಮಿನ್ ಯಾರು? ಇಬ್ಬರು ಅಧ್ಯಾಪಕರೂ ಒಬ್ಬ ಹೆತ್ತವರೂ ಇರುವುದು ಒಳ್ಳೆಯದು. ಅನುಚಿತವಾದ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸುವ ಅಧಿಕಾರ ಅಡ್ಮಿನ್‌ಗೆ ಇದೆ. ಏಳು ಅಥವಾ 90 ದಿನಗಳ ಬಳಿಕ ಸಂದೇಶಗಳು ತಾವಾಗಿ ಮಾಯವಾಗುವಂತೆಯೂ ಹೊಂದಿಸಬಹುದು. ಆದರೆ ಸ್ಕ್ರೀನ್‌ಶಾಟನ್ನು ಯಾವ ಹೊಂದಾಣಿಕೆಯೂ ಸಂಪೂರ್ಣವಾಗಿ ತಡೆಯಲಾರದು. ಅದನ್ನು ತಡೆಯುವುದು ನಮ್ಮ ಒಪ್ಪಂದ ಮಾತ್ರ.

5. ಗ್ರೂಪಿನ ಪ್ರತಿ ಸದಸ್ಯನಿಗೂ ಉಳಿದವರ ದೂರವಾಣಿ ಸಂಖ್ಯೆ ಕಾಣುತ್ತದೆಂಬುದು ತಾಯಂದಿರಿಗೆ ಗೊತ್ತಿದೆಯೇ? ಬೇಡವೆನ್ನುವವರಿಗೆ ಸೂಚನೆ ತಲುಪಿಸುವ ಬೇರೆ ದಾರಿ ಇರಬೇಕು.

6. ಎಲ್ಲ ವಿಷಯಗಳ ಪ್ರಶ್ನೆಗಳೂ ಕನ್ನಡ ಲಿಪಿಯಲ್ಲಿ ಬರುತ್ತಿವೆಯೇ?

7. ಫೋನಿಲ್ಲದ ಮನೆಯ ಮಗುವಿನ ಮಾತಿಗೆ ತರಗತಿಯಲ್ಲಿ ಎಲ್ಲಿ ಜಾಗವಿದೆ?

ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಉಳಿದ ಆರಕ್ಕೂ ಸಿಕ್ಕ ಉತ್ತರ ಸಾಲದು.

ಅಂದು ಸಭೆಯಲ್ಲಿ ಕೇಳಿದ ತಾಯಿಗೆ ಈಗ ಪೂರ್ತಿ ಉತ್ತರ ಹೇಳಬಲ್ಲೆ. ಎರಡು ಮಾತನ್ನೂ ಕೇಳಿರಿ ಅಮ್ಮಾ. ಮಗು ಶಾಲೆಗೆ ಮೊಬೈಲ್ ತರುವುದು ಬೇಡ. ಸಂಜೆ ಗ್ರೂಪಿಗೆ ಬಂದ ಪ್ರಶ್ನೆಯನ್ನು ನೀವು ಗಟ್ಟಿಯಾಗಿ ಓದಿ, ಅವನ ಉತ್ತರವನ್ನು ನೀವು ಮೊದಲು ಕೇಳಿರಿ, ಮನೆಯಲ್ಲಿ ಯಾವ ಭಾಷೆಯಿದೆಯೋ ಆ ಭಾಷೆಯಲ್ಲಿಯೇ ಕೇಳಿರಿ. ಮರುದಿನ ಅವನು ಅದನ್ನು ಕನ್ನಡದಲ್ಲಿ ಚೀಟಿಯ ಮೇಲೆ ಬರೆಯಲಿ. ತಪ್ಪಿದ್ದರೆ ತಿದ್ದುವುದಕ್ಕೆ ನಾವಿದ್ದೇವೆ.